ಕತ್ತಿ ಕೊಟ್ಟವರು ಒರೆಯನ್ನೂ ಕೊಡಬೇಕು

ಒಬ್ಬನಿಗೆ ನಾವು ಕತ್ತಿ ಕೊಡಿಸುತ್ತೇವೆ. ಅವನು ಅದರಿಂದ ಇನ್ನೊಬ್ಬನಿಗೆ ಗಾಯ ಮಾಡುತ್ತಾನೆ. ಆ ಗಾಯದಲ್ಲಿ ನಮ್ಮ ಪಾಲು ಎಷ್ಟು?

ಇದು ನಾನು ಪುಸ್ತಕ ಓದಿ ಹುಟ್ಟಿಸಿಕೊಂಡ ಪ್ರಶ್ನೆ ಅಲ್ಲ. ಮೂರು ವರ್ಷದ ಹಿಂದೆ, ಆಡಿ ತಿಂಗಳ ಒಂದು ಸಂಜೆ, ಬಸ್ಸು ನಿಲ್ಲುವ ಜಾಗದ ಟೀ ಅಂಗಡಿ ಮುಂದೆ ನನ್ನ ಅಕ್ಕನ ಮಗ ಜೇಬಿನಿಂದ ಬಟನ್ ಚಾಕು ತೆಗೆದ. ಎದುರಿಗಿದ್ದವರು ಹೊರಗಿನ ಊರಿನ ಇಬ್ಬರು ಹುಡುಗರು. ನಡುವೆ ಬಿಡಿಸಲು ಹೋದವನು ಇವನ ಬಾಲ್ಯದ ಗೆಳೆಯ, ನಮ್ಮ ಬೀದಿಯ ನೇಕಾರ ಹುಡುಗ. ಅಲಗು ಅವನ ಬಲಗೈಯ ಅಂಗೈಯನ್ನು ಸೀಳಿತು. ಆರು ಹೊಲಿಗೆ ಬಿತ್ತು, ಕಿರುಬೆರಳಿನ ನರಕ್ಕೂ ಪೆಟ್ಟಾಗಿತ್ತು. ಎರಡೂವರೆ ತಿಂಗಳು ಅವರ ಮನೆಯ ಮಗ್ಗ ನಿಂತಿತು. ಜಗಳ ತೆಗೆದ ಹುಡುಗರು ಸಿಕ್ಕಿದ ಬಸ್ಸು ಹತ್ತಿ ಹೋದರು.

ನಾಲ್ಕನೇ ದಿನ ಆ ನೇಕಾರ ಹುಡುಗನ ತಾಯಿ ನಮ್ಮ ಮನೆ ಜಗಲಿಗೆ ಬಂದು ಕೂತರು. ಅಳಲಿಲ್ಲ, ಬೈಯಲಿಲ್ಲ. "ಅಣ್ಣಾ, ಆ ಚಾಕು ತಂದುಕೊಟ್ಟೋರು ನೀವೇ ತಾನೆ?" ಅಂತ ಒಂದೇ ಮಾತು ಕೇಳಿದರು. "ಹೌದಮ್ಮಾ, ನಾನೇ" ಅಂದೆ. ಅವರು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಕಾಫಿ ತರಲು ಒಳಗೆ ಹೋಗಿದ್ದ ನನ್ನ ಹೆಂಡತಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

ನಾನು ಕೈಮಗ್ಗದ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಯಾರ ಹೆಸರಿಗೆ ಎಷ್ಟು ನೂಲು, ಯಾರ ಬಾಕಿ ಎಷ್ಟು ಅಂತ ತಪ್ಪಿಲ್ಲದೆ ಹೇಳಬಲ್ಲೆ. ಆದರೆ ಆ ತಾಯಿ ಕೇಳಿದ ಲೆಕ್ಕವನ್ನು ಯಾವ ಪುಟದಲ್ಲಿ ಬರೆಯಬೇಕೋ ತಿಳಿಯದೆ ಕೂತೆ. ವಾಚನಾಲಯದ ಹುಡುಗರು ಈ ಸಂಕಲನಕ್ಕೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಬೇರೆ ಯಾವ ವಿಷಯವೂ ಹೊಳೆಯಲಿಲ್ಲ.

ಮೊದಲು ಆ ಚಾಕು ನಮ್ಮ ಮನೆಗೆ ಹೇಗೆ ಬಂತು ಅನ್ನುವುದನ್ನು ಹೇಳಬೇಕು.

ನನ್ನ ಅಳಿಯ ಮಗ್ಗಕ್ಕೆ ಕೂರಲು ಒಪ್ಪಲಿಲ್ಲ. ಸಿರುಮುಗೈ ಸುತ್ತಿನ ಎಷ್ಟೋ ಹುಡುಗರ ಹಾಗೆ ತಿರುಪ್ಪೂರಿನ ದಾರಿ ಹಿಡಿದ. ನಾವು ದೇವಾಂಗರು ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಓದಿ, ಹೊಟ್ಟೆಪಾಡಿಗೆ ನೂಲು ನಂಬಿದವರು. ಸೀರೆಯ ನೂಲು ಬಿಟ್ಟರೆ ಬನಿಯನ್ನಿನ ನೂಲು, ಅಷ್ಟೇ ವ್ಯತ್ಯಾಸ. ಅಲ್ಲಿ ಒಂದು ಕಂಪನಿಯ ಕಟಿಂಗ್ ವಿಭಾಗದಲ್ಲಿ ಸೇರಿದ. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ನೆಟ್ಟಗೆ ನಿಂತು ಮೇಲೆ ಕೆಳಗೆ ಆಡುವ ಅಲಗಿನ ಯಂತ್ರವನ್ನು ಅದರ ನಡುವೆ ತಳ್ಳಿಕೊಂಡು ಹೋಗುವ ಕೆಲಸ. ಆ ಕೆಲಸಕ್ಕೆ ಎಡಗೈಗೆ ಉಕ್ಕಿನ ಬಲೆಯ ಕೈಚೀಲ ತೊಡಬೇಕು. ಸಣ್ಣ ಸಣ್ಣ ಉಂಗುರ ಹೆಣೆದು ಮಾಡಿದ್ದು ಅದು, ಅಲಗು ತಗುಲಿದರೂ ಬೆರಳು ಉಳಿಯುತ್ತದೆ. ಇವನು ಸೇರಿದ ಕಡೆ ಆ ಕೈಚೀಲ ಇರಲಿಲ್ಲ. ಹನ್ನೊಂದನೇ ತಿಂಗಳಿಗೆ ಎಡಗೈಯ ಮೂರು ಬೆರಳು ಹೋದವು. ಹೆಬ್ಬೆರಳು, ತೋರುಬೆರಳು ಉಳಿದವು.

ಊರಿಗೆ ಬಂದ ಮೇಲೆ ತೋಟದ ಕೂಲಿಗೆ ಹೋಗತೊಡಗಿದ. ಕಾರಮಡೈ ಕಡೆ ಕರಿಬೇವಿನ ತೋಟ, ಭವಾನಿ ದಡದಲ್ಲಿ ಬಾಳೆ. ಬಾಳೆಗೊನೆಗೆ ಊರುಗೋಲು ಕೊಟ್ಟು ಹಗ್ಗ ಕಟ್ಟುವಾಗ ಒಂದು ಕೈಯಲ್ಲಿ ಹಗ್ಗ ಬಿಗಿಹಿಡಿದು ಇನ್ನೊಂದು ಕೈಯಲ್ಲಿ ಕೊಯ್ಯಬೇಕು. ನಮ್ಮ ಕಾಲದ ಪೇನಾಕತ್ತಿ ತೆರೆಯಲು ಎರಡು ಕೈ ಬೇಕು: ಒಂದು ಕೈ ಹಿಡಿಯನ್ನು ಗಟ್ಟಿಯಾಗಿ ಹಿಡಿಯಬೇಕು, ಇನ್ನೊಂದು ಕೈಯ ಉಗುರು ಅಲಗಿನ ಗೀರಿಗೆ ಸಿಕ್ಕಿ ಎಳೆಯಬೇಕು. ಎರಡು ಬೆರಳಿನ ಕೈಗೆ ಹಿಡಿ ನಿಲ್ಲುವುದಿಲ್ಲ. ಹಲ್ಲಿನಿಂದ ಕಚ್ಚಿ ತೆರೆಯುತ್ತಿದ್ದ. ಒಂದು ದಿನ ತುಟಿ ಕೊಯ್ದುಕೊಂಡು ಬಂದ. "ಮಾಮಾ, ಒಂದೇ ಕೈಲಿ ತೆರೆಯೋ ಚಾಕು ಸಿಗತ್ತಂತೆ, ಕೋಯಮುತ್ತೂರಿಗೆ ಹೋದಾಗ ನೋಡ್ತೀರಾ?" ಅಂದ. ನೋಡಿದೆ. ಮುನ್ನೂರೈವತ್ತು ರೂಪಾಯಿ ಕೊಟ್ಟು ತಂದೆ. ಬಟನ್ ಒತ್ತಿದರೆ ಸರ್ರಂತ ಅಲಗು ಹೊರಬರುತ್ತಿತ್ತು. ಅವನ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡೆ. ನನಗೂ ಖುಷಿಯಾಯಿತು.

ಟೀ ಅಂಗಡಿಯ ಘಟನೆ ಆದ ಮೇಲೆ ಊರಿನ ದೊಡ್ಡವರು ಸೇರಿ ಮಾತಾಡಿದರು. ಆಸ್ಪತ್ರೆ ಖರ್ಚು, ಎರಡೂವರೆ ತಿಂಗಳ ಕೂಲಿ ಇವನು ಕೊಡಬೇಕು ಅಂತ ತೀರ್ಮಾನವಾಯಿತು. ನನ್ನ ಮಾತು ಬಂದಾಗ ಎಲ್ಲರೂ ಸಮಾಧಾನ ಹೇಳಿದರು. "ಕತ್ತಿಗೇನು ಗೊತ್ತು? ಕೈಗೆ ಬುದ್ಧಿ ಇರಬೇಕು. ನೀವು ಒಳ್ಳೇದಕ್ಕೆ ತಂದುಕೊಟ್ರಿ. ನಿಮ್ಮದೇನು ತಪ್ಪಿಲ್ಲ ಬುಡಿ."

ಆ ಮಾತು ಕೇಳಿ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಯಾಕೆ ಅಂತ ಎರಡು ದಿನ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಇದೇ ಮಾತನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ. ಅಳಿಯನ ಬೆರಳು ಹೋದಾಗ ಅವನು ಕೆಲಸಕ್ಕಿದ್ದ ಕಂಪನಿಗೆ ನಾನೇ ಹೋಗಿದ್ದೆ. ಅಲ್ಲಿನ ಯಜಮಾನರು ಕುರ್ಚಿ ಕೊಟ್ಟು ಕೂರಿಸಿ, ಮೆಲ್ಲಗೆ ಹೇಳಿದರು: "ಯಂತ್ರಕ್ಕೇನು ಗೊತ್ತು ಸಾರ್? ಹುಡುಗ ಜಾಗ್ರತೆಯಾಗಿ ಇರಬೇಕಿತ್ತು." ಆವತ್ತು ನನಗೆ ಮೈಯೆಲ್ಲ ಉರಿದಿತ್ತು. "ಅಲಗು ಅವನ ಕೈಗೆ ಕೊಟ್ಟೋರು ನೀವು, ಅಲಗಿಗೆ ಅಡ್ಡ ಕೊಡಬೇಕಾದೋರೂ ನೀವೇ ಅಲ್ಲವಾ?" ಅಂತ ಕೇಳಿ ಬಂದಿದ್ದೆ.

ಈಗ ಹೇಳಿ. ಅವರ ಬಾಯಲ್ಲಿ ಸುಳ್ಳಾದ ಮಾತು ನನ್ನ ವಿಷಯಕ್ಕೆ ಬಂದಾಗ ನಿಜವಾಗುತ್ತದೆಯೇ? ಯಂತ್ರಕ್ಕೇನು ಗೊತ್ತು ಅನ್ನುವುದು ತಪ್ಪಾದರೆ, ಕತ್ತಿಗೇನು ಗೊತ್ತು ಅನ್ನುವುದೂ ತಪ್ಪೇ. ಬೇರೆಯವರಿಗೆ ಒಂದು ತಕ್ಕಡಿ, ನನಗೊಂದು ತಕ್ಕಡಿ ಇಟ್ಟುಕೊಂಡು ಲೆಕ್ಕ ಬರೆಯಲು ಬರುವುದಿಲ್ಲ.

ಈ ವಿಷಯದಲ್ಲಿ ಸರ್ಕಾರದ ಕಾನೂನು ನಮಗಿಂತ ಮೊದಲೇ ಯೋಚನೆ ಮಾಡಿದೆ. ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಕಾರ್ಮಿಕರ ಪರಿಹಾರದ ಕಾಯ್ದೆ ಬಂತು. ಕೆಲಸದ ವೇಳೆ, ಕೆಲಸದ ಕಾರಣದಿಂದ ಪೆಟ್ಟಾದರೆ ಮಾಲೀಕರು ಪರಿಹಾರ ಕೊಡಬೇಕು, ಅವರದು ತಪ್ಪು ಅಂತ ಕಾರ್ಮಿಕ ಸಾಬೀತು ಮಾಡಬೇಕಾಗಿಲ್ಲ. ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಪಾಲು ಹೋಯಿತು ಅಂತ ಅದರ ಪಟ್ಟಿಯಲ್ಲಿ ಬರೆದಿದ್ದರು. ಮಾಲೀಕರಿಗೂ ಒಂದು ವಿನಾಯಿತಿ ಇತ್ತು. ರಕ್ಷಣೆಗೆ ಅಂತ ಕೊಟ್ಟ ಸಾಧನವನ್ನು ಕಾರ್ಮಿಕ ಗೊತ್ತಿದ್ದೂ ಬೇಕೆಂದೇ ಕಿತ್ತುಹಾಕಿದ್ದರೆ ಅಥವಾ ಕಡೆಗಣಿಸಿದ್ದರೆ, ಸಾವು ಅಥವಾ ಪೂರ್ತಿ ಅಂಗವಿಕಲತೆ ಆಗದ ಪ್ರಕರಣದಲ್ಲಿ ಮಾಲೀಕರು ಹೊಣೆಯಲ್ಲ. ಅಂದರೆ ಆ ವಿನಾಯಿತಿ ಬೇಕಿದ್ದರೆ ಮೊದಲು ರಕ್ಷಣೆ ಕೊಟ್ಟಿರಬೇಕು. ಅಲಗು ಕೊಟ್ಟವರು ಅದರ ಅಡ್ಡವನ್ನೂ ಕೊಟ್ಟರೇ ಇಲ್ಲವೇ ಎಂಬುದು ಅಲ್ಲಿ ದೊಡ್ಡ ಪ್ರಶ್ನೆ. ನಾನು ಅದೇ ಪ್ರಶ್ನೆಯನ್ನು ನನಗೆ ಕೇಳಿಕೊಂಡೆ. ನಾನು ತಂದುಕೊಟ್ಟ ಚಾಕುವಿನ ಜೊತೆ ಅಡ್ಡ ಏನಿತ್ತು?

ಇದನ್ನು ತಿಳಿಯಲು ಚಾಕುವನ್ನೇ ನೋಡಬೇಕು. ನಾನು ಮೇಜಿನ ಮೇಲೆ ಮನೆಯಲ್ಲಿದ್ದ ಹರಿತದ ಸಾಮಾನನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಅದರಲ್ಲಿ ಎಷ್ಟಕ್ಕೆ ಸ್ಪ್ರಿಂಗು ಇದೆ, ಆ ಸ್ಪ್ರಿಂಗು ಏನು ಕೆಲಸ ಮಾಡುತ್ತದೆ ಅಂತ ಒಂದೊಂದಾಗಿ ಪರೀಕ್ಷೆ ಮಾಡಿದೆ.

ಮೊದಲನೆಯದು ನೂಲು ಕತ್ತರಿಸುವ ಸಣ್ಣ ಕತ್ತರಿ. ಮಗ್ಗದ ಮನೆಯಲ್ಲೂ ಇದೆ, ತಿರುಪ್ಪೂರಿನಲ್ಲಿ ಪಿಸುರು ಕತ್ತರಿಸುವ ಹೆಂಗಸರ ಕೈಯಲ್ಲೂ ಇದೇ. ಬೆರಳು ತೂರಿಸುವ ಉಂಗುರ ಇಲ್ಲ, ಬಾಗಿದ ಉಕ್ಕೇ ಸ್ಪ್ರಿಂಗು. ಒತ್ತಿದರೆ ಕತ್ತರಿಸುತ್ತದೆ, ಬಿಟ್ಟರೆ ಅಲಗು ಎರಡೂ ದೂರ ಸರಿಯುತ್ತವೆ. ಕುರುಬರು ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯೂ ಇದೇ ಜಾತಿ. ಗಿಡ ಸವರುವ ಕಟರಿನ ಒಳಗೂ ಸುರುಳಿ ಸ್ಪ್ರಿಂಗು ಇದೆ, ಅದೂ ಬಾಯಿ ತೆರೆಯಲಿಕ್ಕೇ ಇರುವುದು. ಇಲ್ಲೆಲ್ಲ ಕೊಯ್ಯುವ ಬಲ ಕೈಯದು, ಕೊಯ್ಯದೆ ಬಿಡುವ ಬಲ ಸ್ಪ್ರಿಂಗಿನದು. ದಿನಕ್ಕೆ ಸಾವಿರ ಸಲ ಒತ್ತುವ ಕೈಗೆ ಅದು ಅಷ್ಟು ವಿಶ್ರಾಂತಿ ಕೊಡುತ್ತದೆ.

ಎರಡನೆಯದು ಮಡಚುವ ಗರಗಸ. ಈಗ ತೋಟದವರು ಜೇಬಲ್ಲಿ, ಸೊಂಟದಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಇದರ ಹಲ್ಲುಗಳು ಸಾಮಾನ್ಯವಾಗಿ ಹಿಂದಕ್ಕೆ ಎಳೆಯುವಾಗ ಕೊಯ್ಯುವ ಹಾಗೆ ಇರುತ್ತವೆ, ಅದಕ್ಕೇ ತೆಳ್ಳಗಿನ ಅಲಗು ಬಾಗುವುದಿಲ್ಲ. ತೆರೆದ ಮೇಲೆ ಕಟಕ್ ಅಂತ ಒಂದು ಬೀಗ ಬೀಳುತ್ತದೆ. ಅದನ್ನು ಒತ್ತಿ ಬಿಡಿಸದೆ ಗರಗಸ ಮಡಚುವುದಿಲ್ಲ. ಈ ಬೀಗದ ಸ್ಪ್ರಿಂಗು ಇರುವುದು ಹಿಡಿದವನ ಬೆರಳು ಕಾಯಲಿಕ್ಕೆ. ಹಳೆಯ ಪೇನಾಕತ್ತಿಯ ಬೆನ್ನಿನ ಪಟ್ಟಿಯೂ ಇದೇ ಕೆಲಸ ಮಾಡುತ್ತದೆ: ಮುಚ್ಚಿದರೆ ಮುಚ್ಚಿಯೇ ಇರುವಂತೆ, ತೆರೆದರೆ ತೆರೆದೇ ಇರುವಂತೆ ಒತ್ತಿ ಹಿಡಿಯುತ್ತದೆ.

ಮೂರನೆಯದು ಬಟನ್ ಚಾಕು. ಇಲ್ಲಿ ಸ್ಪ್ರಿಂಗು ಒಳಗೆ ಬಿಗಿದು ಕೂತಿರುತ್ತದೆ. ಬಟನ್ ಒತ್ತಿದ ಕೂಡಲೇ ಅಲಗನ್ನು ಹೊರಕ್ಕೆ ಎಸೆಯುತ್ತದೆ. ಇದು ಕೈಗೆ ವಿಶ್ರಾಂತಿ ಕೊಡಲಿಲ್ಲ, ಬೆರಳನ್ನೂ ಕಾಯಲಿಲ್ಲ. ಇದು ಮಾಡುವುದು ಒಂದೇ ಕೆಲಸ: ಬೇಕು ಅನ್ನಿಸಿದ ಗಳಿಗೆಗೂ ಅಲಗು ಬರುವ ಗಳಿಗೆಗೂ ನಡುವೆ ಇರುವ ಹೊತ್ತನ್ನು ಅಳಿಸಿಹಾಕುವುದು. ಕೆಲವು ಚಾಕುಗಳಲ್ಲಿ ಬಟನ್ ತಾನಾಗಿ ಒತ್ತಿಕೊಳ್ಳದಂತೆ ಒಂದು ಸಣ್ಣ ತಡೆ ಇರುತ್ತದೆ. ನಾನು ತಂದದ್ದರಲ್ಲಿ ಅದೂ ಇರಲಿಲ್ಲ. ಬೆಲೆ ಕೇಳಿದೆ, ಹರಿತ ನೋಡಿದೆ, ತಡೆ ಇದೆಯಾ ಅಂತ ಕೇಳಲಿಲ್ಲ.

ಆ ಅಳಿಸಿಹೋದ ಹೊತ್ತು ಎಷ್ಟು? ಪೇನಾಕತ್ತಿಯಲ್ಲಿ ಐದಾರು ಎಣಿಸುವಷ್ಟು. ಕೆಲಸದ ಮನುಷ್ಯನಿಗೆ ಅದು ನಷ್ಟ. ಸಿಟ್ಟಿನ ಮನುಷ್ಯನಿಗೆ ಅದೇ ರಕ್ಷಣೆ. ಐದು ಎಣಿಸುವಷ್ಟರಲ್ಲಿ ಯಾರೋ ಕೈ ಹಿಡಿಯುತ್ತಾರೆ, ಇಲ್ಲವೇ ಅವನಿಗೇ ನಾಚಿಕೆ ಆಗುತ್ತದೆ. ಒಂದೇ ಹೊತ್ತು, ಬೆಳಿಗ್ಗೆ ತೋಟದಲ್ಲಿ ಬೇಡ, ಸಂಜೆ ಟೀ ಅಂಗಡಿಯಲ್ಲಿ ಬೇಕು. ಇಲ್ಲೇ ತೊಡಕು ಇರುವುದು.

ಕಾನೂನು ಮಾಡಿದವರೂ ಈ ತೊಡಕಿನಲ್ಲಿ ಸಿಕ್ಕಿದ್ದಾರೆ. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆ ಬರೀ ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದ ಸಾಮಾನನ್ನು ಆಯುಧ ಅನ್ನುವುದಿಲ್ಲ. ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಅಂತ ಅಳತೆ ಇದೆ, ಅಲ್ಲೂ ಮನೆಗೆಲಸ, ಬೇಸಾಯ, ಕೈಗಾರಿಕೆಯ ಅಲಗಿಗೆ ವಿನಾಯಿತಿ ಇದೆ. ಹಾಗಾಗಿ ತೆಂಗು ಕೊಯ್ಯುವವನ ಮೊಳದುದ್ದದ ಮಚ್ಚಿಗೆ ಯಾರೂ ಏನೂ ಅನ್ನುವುದಿಲ್ಲ. ದೆಹಲಿಯಲ್ಲಿ 1980ರ ಒಂದು ಅಧಿಸೂಚನೆ ಮಾತ್ರ ಸ್ಪ್ರಿಂಗು, ಬಟನ್ ಚಾಕುಗಳನ್ನೇ ಹೆಸರಿಸಿ, 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದಿಂದಲೇ ಹಿಡಿತ ಹಾಕಿತು. ಅಂದರೆ ಹೆಬ್ಬೆರಳಷ್ಟು ಅಗಲವೂ ಇಲ್ಲದ ಅಲಗು. ಮೊಳದುದ್ದದ ಮಚ್ಚಿಗೆ ಇಲ್ಲದ ಅನುಮಾನ ಮೂರು ಅಂಗುಲದ ಚಾಕುವಿಗೆ ಯಾಕೆ? ಮಚ್ಚು ಸೊಂಟದಲ್ಲಿ ಎಲ್ಲರಿಗೂ ಕಾಣುತ್ತದೆ. ಇದು ಕಾಣುವುದಿಲ್ಲ, ಕಂಡಾಗ ತಡವಾಗಿರುತ್ತದೆ.

ಅಮೆರಿಕದಲ್ಲೂ 1958ರಲ್ಲಿ ಬಟನ್ ಚಾಕುವಿನ ವಿರುದ್ಧ ಕೇಂದ್ರದ ಕಾಯ್ದೆ ಬಂತು. ಸಿನಿಮಾಗಳಲ್ಲಿ ಪುಂಡು ಹುಡುಗರ ಕೈಯಲ್ಲಿ ಅದನ್ನು ನೋಡಿ ಜನ ಹೆದರಿದ್ದ ಕಾಲ. ನಮ್ಮಲ್ಲಿ ಹಿಂದಿ ಸಿನಿಮಾದ ರಾಂಪುರಿ ಚಾಕು ಇದ್ದ ಹಾಗೆ. ಆ ಕಾಯ್ದೆಯನ್ನು ನಾನು ಇಲ್ಲಿ ಹೆಸರಿಸುವುದಕ್ಕೆ ಕಾರಣ ಅದರಲ್ಲಿರುವ ಒಂದು ಸಣ್ಣ ವಿನಾಯಿತಿ. ಒಂದೇ ತೋಳಿರುವ ಮನುಷ್ಯ ಮೂರು ಅಂಗುಲದವರೆಗಿನ ಅಲಗಿನ ಅಂಥ ಚಾಕುವನ್ನು ತನ್ನ ಬಳಿ ಇಟ್ಟುಕೊಂಡು ಓಡಾಡಬಹುದು. ಇದನ್ನು ಓದಿದಾಗ ನನಗೆ ಕಣ್ಣು ಮಂಜಾಯಿತು. ಅಷ್ಟು ದೂರದ ದೇಶದಲ್ಲಿ, ಅಷ್ಟು ಹೆದರಿಕೆಯ ನಡುವೆ, ಯಾರೋ ಒಬ್ಬರು ನಮ್ಮ ಹುಡುಗನಂಥವನನ್ನು ನೆನಪಿಟ್ಟುಕೊಂಡಿದ್ದಾರೆ. ಸ್ಪ್ರಿಂಗೇ ಪಾಪ ಅಲ್ಲ ಅಂತ ಆ ಒಂದು ಸಾಲು ಒಪ್ಪಿಕೊಳ್ಳುತ್ತದೆ. ನನ್ನ ಅಳಿಯನ ಅಗತ್ಯವೂ ನಿಜವಾಗಿತ್ತು. ಆದ್ದರಿಂದ 'ಕೊಡಲೇಬಾರದಿತ್ತು' ಅನ್ನುವುದು ನನ್ನ ಪ್ರಶ್ನೆಗೆ ಉತ್ತರ ಅಲ್ಲ.

ಹಾಗಾದರೆ ಏನು ಕೊಡಬೇಕಿತ್ತು? ಇದಕ್ಕೆ ಉತ್ತರ ನಮ್ಮ ಕಣ್ಣ ಮುಂದೆಯೇ ಇತ್ತು, ನಾನು ನೋಡಲಿಲ್ಲ.

ವಿಜಯದಶಮಿಯ ದಿನ ಕೋಯಮುತ್ತೂರಿನ ರಾಜವೀದಿಯಲ್ಲಿ ರಾಮಲಿಂಗ ಚೌಡೇಶ್ವರಿ ಅಮ್ಮನ ಕತ್ತಿ ಹಬ್ಬ ನೋಡಿದವರಿಗೆ ಹೇಳಬೇಕಾಗಿಲ್ಲ. ವ್ರತ ಹಿಡಿದ ಹುಡುಗರು ಎರಡು ಕೈಯಲ್ಲೂ ಕತ್ತಿ ಹಿಡಿದು, "ವೇಸುಕೋ ತಾಯಿ, ತೀಸುಕೋ ತಾಯಿ" ಅಂತ ಕೂಗುತ್ತಾ ತಮ್ಮ ಎದೆಗೆ, ತೋಳಿಗೆ ಹೊಡೆದುಕೊಳ್ಳುತ್ತಾ ಮೆರವಣಿಗೆಯಲ್ಲಿ ಬರುತ್ತಾರೆ. ಗಾಯದ ಮೇಲೆ ಅರಿಶಿನದ ಪುಡಿ ಬಳಿಯುತ್ತಾರೆ. ಮಕ್ಕಳೂ ಹಿಡಿಯುತ್ತಾರೆ. ಕತ್ತಿ ಹಾಕದೆ ತಾಯಿ ಬರುವುದಿಲ್ಲ ಅನ್ನುವುದು ನಮ್ಮವರ ನಂಬಿಕೆ. ಇದು ಬೇಕೇ ಬೇಡವೇ ಅಂತ ನಮ್ಮ ಮನೆಗಳಲ್ಲೇ ವಾದ ಇದೆ. ನಾನೂ ಚಿಕ್ಕಂದಿನಲ್ಲಿ ಎರಡು ವರ್ಷ ಕತ್ತಿ ಹಾಕಿ ಆಮೇಲೆ ಬಿಟ್ಟವನು. ಆ ವಾದ ಇಲ್ಲಿ ಬೇಡ.

ಇಲ್ಲಿ ನಾನು ಹೇಳುವುದು ಬೇರೆ. ಅಷ್ಟು ಇಕ್ಕಟ್ಟಿನ ಬೀದಿ, ಅಷ್ಟು ಜನ, ಬಿಸಿರಕ್ತದ ಹುಡುಗರು, ಕೈಯಲ್ಲಿ ಬಿಚ್ಚುಗತ್ತಿ. ಆದರೂ ನಾನು ಕಂಡಷ್ಟು ವರ್ಷಗಳಲ್ಲಿ ಒಂದು ಅಲಗೂ ಪಕ್ಕದವನ ಕಡೆ ತಿರುಗಿದ್ದಿಲ್ಲ. ಯಾಕೆಂದರೆ ಅಲ್ಲಿ ಕತ್ತಿ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆ ವ್ರತ ಬರುತ್ತದೆ. ಮುಂದೆ ದೊಡ್ಡವರು ನಡೆಯುತ್ತಾರೆ, ಪಕ್ಕದಲ್ಲಿ ಅಣ್ಣ ತಮ್ಮಂದಿರು ಇರುತ್ತಾರೆ, ಮಹಡಿಯಿಂದ ತಾಯಂದಿರು ನೋಡುತ್ತಿರುತ್ತಾರೆ. ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಅಂತ ಕಟ್ಟುಪಾಡು ಇದೆ. ಕತ್ತಿ ಹಾಕುವುದನ್ನು ಕಲಿಸಿದವನೇ ಅದನ್ನು ಕೆಳಗಿಡುವುದನ್ನೂ ಕಲಿಸಿರುತ್ತಾನೆ. ಕೊಡವರ ಮದುವೆಯಲ್ಲಿ ಗಂಡು ಪೀಚೆಕತ್ತಿಯನ್ನು ಎಲ್ಲರಿಗೂ ಕಾಣುವ ಹಾಗೆ ಸೊಂಟದ ಪಟ್ಟಿಗೆ ಸಿಕ್ಕಿಸಿ ನಿಲ್ಲುತ್ತಾನಲ್ಲ, ಅಲ್ಲೂ ಹೀಗೆಯೇ. ಒರೆ ಅಂದರೆ ಬರೀ ಚರ್ಮದ ಚೀಲ ಅಲ್ಲ. ಹತ್ತು ಜನರ ಕಣ್ಣು, ನಾಲ್ಕು ಮಾತು, ಒಂದು ಕಟ್ಟುಪಾಡು, ಇವೂ ಒರೆಯೇ.

ನಾನು ಅಳಿಯನಿಗೆ ಚಾಕು ಕೊಟ್ಟಾಗ ಇದರಲ್ಲಿ ಒಂದನ್ನೂ ಕೊಡಲಿಲ್ಲ. "ತೋಟ ಬಿಟ್ಟು ಬಂದ ಮೇಲೆ ಗೂಟಕ್ಕೆ ತಗಲಿಹಾಕು, ಪೇಟೆಗೆ ತಕ್ಕೊಂಡು ಹೋಗಬೇಡ" ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವನ ಖುಷಿ ಕೆಡುತ್ತದೆ ಅಂದುಕೊಂಡೆ. ಕೊಡುವವರಿಗೆ ಬರುವ ಸೋಮಾರಿತನ ಇದು. ಒಳ್ಳೆಯವರು ಅನ್ನಿಸಿಕೊಳ್ಳುವ ಆಸೆಯಲ್ಲಿ, ಹೇಳಬೇಕಾದ ಕಹಿ ಮಾತನ್ನು ನುಂಗಿಬಿಡುತ್ತೇವೆ.

ಇನ್ನೂ ಒಂದು ಇದೆ. ಅವನು ಎಡಗೈಯನ್ನು ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ನಮಗೆಲ್ಲ ಗೊತ್ತಿತ್ತು. ಚಾಕು ಬಂದ ಮೇಲೆ ಅದೂ ಅದೇ ಜೇಬಿಗೆ ಹೋಯಿತು. ಟೀ ಅಂಗಡಿಯಲ್ಲಿ ಆ ಹುಡುಗರು ಅಂದದ್ದು ಎರಡೇ ಪದ: "ಅರ್ಧ ಕೈ." ಅವನ ಸಿಟ್ಟು, ಅವನ ನಾಚಿಕೆ, ಚಾಕು, ಮೂರೂ ಒಂದೇ ಜೇಬಿನಲ್ಲಿದ್ದವು. ನಾನು ಅವನ ಕೈಗೆ ಏನು ಬೇಕು ಅಂತ ನೋಡಿದೆ. ಆ ಜೇಬಿನಲ್ಲಿ ಮೊದಲೇ ಏನಿದೆ ಅಂತ ನೋಡಲಿಲ್ಲ.

ಇಲ್ಲಿ ಎರಡು ಆಕ್ಷೇಪಣೆ ಬರುತ್ತವೆ, ವಾಚನಾಲಯದಲ್ಲಿ ಈ ಬರಹ ಓದಿ ಹೇಳಿದಾಗ ಬಂದವೂ ಹೌದು.

ಮೊದಲನೆಯದು: "ಹೀಗೆ ಲೆಕ್ಕ ಹಾಕುತ್ತಾ ಹೋದರೆ ಕಮ್ಮಾರ ಕುಡುಗೋಲು ಮಾಡುವ ಹಾಗಿಲ್ಲ, ಅಂಗಡಿಯವನು ಮಾರುವ ಹಾಗಿಲ್ಲ. ಲೋಕದ ಗಾಯಕ್ಕೆಲ್ಲ ಅವರೇ ಹೊಣೆಯಾ?" ಅಲ್ಲ. ಕಮ್ಮಾರನಿಗೆ ತನ್ನ ಕುಡುಗೋಲು ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿಲ್ಲ. ಅವನು ಹಿಡಿ ಸಡಿಲ ಆಗದ ಹಾಗೆ ಮಾಡಿಕೊಟ್ಟರೆ ಅವನ ಕೆಲಸ ಮುಗಿಯಿತು. ನನಗೆ ಆ ಕೈ ಗೊತ್ತಿತ್ತು. ಆ ಕೈಯ ನೋವು ಗೊತ್ತಿತ್ತು. ಎಷ್ಟು ಗೊತ್ತೋ ಅಷ್ಟು ಹೊಣೆ. ದೂರದವರಿಗೆ ಕಮ್ಮಿ, ಹತ್ತಿರದವರಿಗೆ ಜಾಸ್ತಿ. ತಿರುಪ್ಪೂರಿನ ಆ ಯಜಮಾನರಿಗೂ ಅಷ್ಟೇ, ಯಂತ್ರ ಎಲ್ಲಿ ಬೆರಳು ತಿನ್ನುತ್ತದೆ ಅಂತ ಅವರಿಗೆ ಗೊತ್ತಿತ್ತು.

ಎರಡನೆಯದನ್ನು ಕೇಳಿದವನು ನನ್ನ ಅಳಿಯನೇ. "ಮಾಮಾ, ನಾನೇನು ಮಗುವಾ? ಇಪ್ಪತ್ತಾರು ವರ್ಷ ಆಯ್ತು. ಚಾಕು ತೆಗೆದೋನು ನಾನು. ನೀವು ಪಾಲು ತಕ್ಕೊಂಡ್ರೆ ನನ್ನ ತಪ್ಪು ಕಮ್ಮಿ ಆಗಲ್ಲ." ಅವನ ಮಾತು ಸರಿ. ಅವನು ಹಾಗೆ ಅಂದದ್ದು ನನಗೆ ಹೆಮ್ಮೆಯೂ ಆಯಿತು. ತಪ್ಪಿನ ಪಾಲು ಆಸ್ತಿಯ ಪಾಲಿನಂತೆ ಅಲ್ಲ. ಆಸ್ತಿಯಲ್ಲಿ ಒಬ್ಬನಿಗೆ ಜಾಸ್ತಿ ಹೋದರೆ ಇನ್ನೊಬ್ಬನಿಗೆ ಕಮ್ಮಿ. ಇಲ್ಲಿ ಅವನ ಪಾಲು ಪೂರ್ತಿ ಅವನದೇ, ನನ್ನ ಪಾಲು ಪೂರ್ತಿ ನನ್ನದೇ. ಚಾಕು ಎತ್ತಿದ್ದು ಅವನ ಲೆಕ್ಕ. ಒರೆ ಇಲ್ಲದೆ ಕೊಟ್ಟದ್ದು ನನ್ನ ಲೆಕ್ಕ. ಮೂವತ್ತು ವರ್ಷ ಬರೆದ ಲೆಕ್ಕದಲ್ಲಿ ಇಂಥ ಲೆಕ್ಕ ನಾನು ಕಂಡಿರಲಿಲ್ಲ.

ಆಮೇಲೆ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ.

ಆ ಎರಡೂವರೆ ತಿಂಗಳ ಕೂಲಿಯಲ್ಲಿ ಅರ್ಧ ನಾನು ಕೊಟ್ಟೆ. ಹಣ ಹಿಡಿದು ಹೋದಾಗ ಆ ತಾಯಿ ಮೊದಲು ಬೇಡ ಅಂದರು. "ಆವತ್ತು ನೀವು ಕೇಳಿದ ಮಾತಿಗೆ ಇದು ಉತ್ತರ ಅಮ್ಮಾ" ಅಂದೆ. ತೆಗೆದುಕೊಂಡರು. ಅಳಿಯ ದಿನಾ ಸಂಜೆ ಅವರ ಮನೆಗೆ ಹೋಗಿ ರಾಟೆಗೆ ಕೂತು ಕಂಡಿಕೆ ಸುತ್ತಿಕೊಟ್ಟ. ಬಲಗೈಯಲ್ಲಿ ರಾಟೆ ತಿರುಗಿಸಬೇಕು, ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ನೂಲು ಹಿಡಿಯಬೇಕು. ಉಳಿದಿರುವ ಎರಡು ಬೆರಳು ಅದಕ್ಕೆ ಸಾಕು ಅಂತ ಅಲ್ಲಿ ಕೂತ ಮೇಲೆ ಅವನಿಗೆ ಗೊತ್ತಾಯಿತು. ಗೆಳೆಯ ಈಗ ಮಗ್ಗಕ್ಕೆ ಕೂರುತ್ತಾನೆ. ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಇಬ್ಬರೂ ಮೊದಲಿನಷ್ಟು ಮಾತಾಡುವುದಿಲ್ಲ, ಆದರೆ ಮಾತಾಡುತ್ತಾರೆ.

ಒಂದೇ ಕೈಯಲ್ಲಿ ತೆರೆಯುವ ಕತ್ತಿಯ ಮಾತು ಹಾಗೇ ಉಳಿದಿತ್ತು. ಪೊಳ್ಳಾಚಿ ಕಡೆ ತೆಂಗಿನ ಮರ ಹತ್ತುವ ಒಬ್ಬ ಹಿರಿಯರು ನಮ್ಮ ಮನೆಗೆ ಬಂದಿದ್ದರು. ಕಥೆ ಕೇಳಿ ನಕ್ಕರು. "ಮರದ ಮೇಲೆ ನಮಗೆಲ್ಲ ಒಂದೇ ಕೈ ಅಲ್ಲವಾ ಸಾಮಿ? ಇನ್ನೊಂದು ಮರ ಹಿಡಿದಿರತ್ತೆ. ಕತ್ತಿ ಎಲ್ಲಿಟ್ಟುಕೊಳ್ತೀವಿ ನೋಡಿ" ಅಂತ ಸೊಂಟ ತೋರಿಸಿದರು. ಬೆನ್ನಿನ ಕಡೆ ಸೊಂಟಕ್ಕೆ ಸಿಕ್ಕಿಸಿದ ಕತ್ತಿ. ಸ್ಪ್ರಿಂಗು ಇಲ್ಲ, ಬಟನ್ ಇಲ್ಲ, ಮಡಚುವುದಿಲ್ಲ. ಒಂದು ಕೈಯಲ್ಲಿ ತೆಗೆಯಬಹುದು, ಒಂದು ಕೈಯಲ್ಲಿ ಇಡಬಹುದು, ಊರಿಗೆಲ್ಲ ಕಾಣುತ್ತದೆ. ಎಷ್ಟೋ ತಲೆಮಾರಿನಿಂದ ಒಂದು ಕೈಯವರ ಕೆಲಸಕ್ಕೆ ಬೇಕಾದ ಕತ್ತಿ ನಮ್ಮ ತೋಟಗಳಲ್ಲಿ ಓಡಾಡುತ್ತಲೇ ಇತ್ತು. ನಾನು ಬಸ್ಸು ಹತ್ತಿ ಪೇಟೆಗೆ ಹೋಗಿ ಬಟನ್ ಹುಡುಕಿದ್ದೆ.

ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ಚರ್ಮದ ಒರೆ ಹೊಲಿಸಿ, ಸಣ್ಣ ಕತ್ತಿಯೊಂದನ್ನು ಅವನಿಗೆ ಕೊಟ್ಟೆ. ಬೀಗ ಬೀಳುವ ಮಡಚು ಗರಗಸವನ್ನೂ ಕೊಡಿಸಿದೆ. ಈ ಸಲ ಹೇಳಬೇಕಾದ ಮಾತನ್ನೂ ಹೇಳಿದೆ. ಕತ್ತಿ ಸೊಂಟಕ್ಕೆ ಬಂದ ಮೇಲೆ ಎಡಗೈ ಜೇಬಿನಿಂದ ಹೊರಗೆ ಬಂತು, ಒರೆ ಹಿಡಿದುಕೊಳ್ಳಲು ಅದು ಬೇಕಾಗುತ್ತದೆ. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ, ನಾನು ಕೇಳಿಲ್ಲ.

ಹೋದ ನವಮಿಯ ದಿನ ಮನೆಯಲ್ಲಿ ಆಯುಧ ಪೂಜೆಗೆ ಎಲ್ಲ ಜೋಡಿಸಿದೆವು. ಲಾಳಿ, ನೂಲಿನ ಕತ್ತರಿ, ಅಡಕತ್ತರಿ, ಈಳಿಗೆಮಣೆ, ಗರಗಸ, ಒರೆಯ ಸಮೇತ ಕತ್ತಿ, ನನ್ನ ಹಳೆಯ ಲೆಕ್ಕದ ಪುಸ್ತಕ. ಎಲ್ಲಕ್ಕೂ ಕುಂಕುಮ ಇಟ್ಟು ನನ್ನ ಹೆಂಡತಿ ಕೇಳಿದಳು, "ಟ್ರಂಕಿನಲ್ಲಿರೋ ಆ ಬಟನ್ ಚಾಕುನೂ ಇಡ್ಲಾ?" ನಮ್ಮ ಮಾತಿನಲ್ಲಿ ದುಡಿಯುವ ಸಾಮಾನಿಗೂ ಆಯುಧ ಅನ್ನುತ್ತೇವೆ, ಹೊಡೆಯುವ ಸಾಮಾನಿಗೂ ಆಯುಧ ಅನ್ನುತ್ತೇವೆ. ಅದಕ್ಕೆ ತಟ್ಟನೆ ಉತ್ತರ ಬರಲಿಲ್ಲ. ಬೇಡ ಅಂದೆ. ಅಳಿಯ ಪಕ್ಕದಲ್ಲೇ ನಿಂತಿದ್ದ. "ಇಡಲಿ ಬಿಡಿ ಮಾಮಾ, ಅದು ಮಾಡಿದ್ದು ಮರೆಯಬಾರದು" ಅಂದ.

ಇಟ್ಟೆವು. ಪೂಜೆ ಆದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಟ್ರಂಕಿಗೆ ಹಾಕಿ, ಬೀಗದ ಕೈಯನ್ನು ಅವನೇ ನನ್ನ ಕೈಗೆ ಕೊಟ್ಟ.